ಇದ್ದಂತೆ ಇರಲಿ

ಓದುವವನು ನಾನು, ತಿದ್ದುವವಳು ಅವಳು.
ವಾಷಿಂಗ್ಟನ್ನಿನ ನಾರ್ತ್ ಕ್ಯಾಪಿಟಲ್ ರಸ್ತೆ,
ಕೆಂಪಿಟ್ಟಿಗೆಯ ಸರ್ಕಾರಿ ಮುದ್ರಣಾಲಯ, ರಾತ್ರಿ ಪಾಳಿ.
ಮೂಲಪ್ರತಿ ಹಿಡಿದು ನಾನು ಗಟ್ಟಿಯಾಗಿ ಓದಬೇಕು:
ಕಾಮಾ ಬಂದರೆ 'ಕಾಮಾ' ಎಂದು,
ವಾಕ್ಯ ಮುಗಿದರೆ 'ನಿಲ್ಲು' ಎಂದು.
ವರ್ನೆಟಾ ಟಾಲಿವರ್ ಕಣ್ಣೆತ್ತುವುದಿಲ್ಲ.
ಕಿವಿಗೆ ಸಿಕ್ಕಿಸಿದ ನೀಲಿ ಪೆನ್ಸಿಲು
ತಾನೇ ಇಳಿದು ಬಂದು
ಕರಡಿನ ಅಂಚಿನಲ್ಲಿ ಗೀರೆಳೆದು ಹೋಗುತ್ತದೆ.

ಅರ್ಥ ನಮ್ಮದಲ್ಲ, ಅನ್ನುತ್ತಾಳೆ.
ಕಲ್ಲು ಆರಿಸುವವಳಿಗೆ ಅಡುಗೆಯ ಗೊಡವೆ ಏಕೆ?

ಕೆಲಸ ತೆಳ್ಳಗಿದ್ದ ಒಂದು ರಾತ್ರಿ
ಮೇಜಿನ ಖಾನೆಯಿಂದ ಅಂಗೈಯಗಲದ ಸಂವಿಧಾನ ತೆಗೆದಳು,
ಕಾಫಿಯ ಬಳೆ ಬಿದ್ದದ್ದು.
ಮೊದಲ ವಿಧಿ ಓದು, ಎಂದಳು. ಓದಿದೆ:
ಇಲ್ಲಿ ಕೊಟ್ಟಿರುವ ಶಾಸನಾಧಿಕಾರವೆಲ್ಲ ಕಾಂಗ್ರೆಸ್ಸಿಗೆ.
ಈಗ ಎರಡನೆಯದು. ಓದಿದೆ:
ಕಾರ್ಯಾಂಗದ ಅಧಿಕಾರ ಅಧ್ಯಕ್ಷನಿಗೆ, ನಿಲ್ಲು.
ಏನು ಬಿಟ್ಟುಹೋಗಿದೆ?

ಇಲ್ಲಿ ಕೊಟ್ಟಿರುವ.
ಎರಡೇ ಪದ. ಅಲ್ಲಿ ಬೇಲಿಯ ಗೂಟದಂತೆ ನಿಂತಿವೆ,
ಇಲ್ಲಿ ಇಲ್ಲ.
ಮರೆತರೋ, ಬೇಕೆಂದೇ ಬಿಟ್ಟರೋ
ಆ ಬೇಸಿಗೆ ಫಿಲಡೆಲ್ಫಿಯಾದಲ್ಲಿ ಕಿಟಕಿ ಮುಚ್ಚಿ ಕೂತವರು,
ಕೇಳೋಣವೆಂದರೆ ಎಲ್ಲರೂ ಮಣ್ಣು.
ನಾನಿದ್ದಿದ್ದರೆ ಅಂಚಿನಲ್ಲೊಂದು ಪ್ರಶ್ನೆ ಹಾಕುತ್ತಿದ್ದೆ,
ಎಂದು ನಕ್ಕಳು. ಆಮೇಲೆ ನಗು ನಿಲ್ಲಿಸಿ:
ನನ್ನ ಬಣ್ಣದವಳ ಕೈಗೆ ಅಲ್ಲಿ ಪೆನ್ಸಿಲು ಕೊಡುತ್ತಿದ್ದವರು ಯಾರು?

ಸಂದು ಎಂದರೆ ಸಂದೇ.
ಮೊದಲು ಒಂದು ಬೆಕ್ಕು ನುಸುಳಿತು, ಯಾರೂ ಅಟ್ಟಲಿಲ್ಲ.
ಆಮೇಲೆ ಕುದುರೆ.
ಆಮೇಲೆ ದಂಡು, ಯುದ್ಧ ಸಾರದೆಯೇ ಯುದ್ಧಕ್ಕೆ ಹೊರಟದ್ದು;
ಸಾರಬೇಕಾದ ಬಾಯಿ
ಗುಡ್ಡದ ಮೇಲಿನ ಗುಮ್ಮಟದೊಳಗೆ ಆಕಳಿಸುತ್ತಿತ್ತು.
ಅವನೊಬ್ಬನನ್ನೇ ಬೈಯಬೇಡ, ಅನ್ನುತ್ತಾಳೆ ವರ್ನೆಟಾ,
ಬಾಗಿಲು ಅಗಲ ಮಾಡಿಕೊಟ್ಟವರು ಗುಮ್ಮಟದವರೇ.
'ತಾತ್ಕಾಲಿಕ' ಎಂದು ಬರೆದುಕೊಟ್ಟು
ಊಟಕ್ಕೆ ಹೋದರು.

ಅನಕಾಸ್ಟಿಯಾದ ಅವಳ ಮನೆಯ ನೆಲಮಾಳಿಗೆಯಲ್ಲಿ
ತೊಲೆಗೆ ಆನಿಸಿದ ಒಂದು ಕಂಬವಿದೆ.
ಈ ಚಳಿಗಾಲ ಕಳೆಯಲಿ, ತೆಗೆಯುತ್ತೇನೆ, ಎಂದಿದ್ದ ಗಂಡ.
ಗಂಡ ಹೋಗಿ ಹನ್ನೊಂದು ವರ್ಷ.
ಹೋದ ತಿಂಗಳು ಕಂಬಕ್ಕೆ ಬಣ್ಣ ಹೊಡೆಸಿದಳು.

ಪ್ರತಿ ನವೆಂಬರಿಗೆ ಒಂದು ಹಾಳೆ ಬರುತ್ತದೆ ನಮಗೆ,
ದೂರದ ಒಂದು ದೇಶದ ಹೆಸರಿನ ತುರ್ತು ಪರಿಸ್ಥಿತಿ.
'ಇನ್ನೂ ಒಂದು ವರ್ಷ ಮುಂದುವರಿಸುತ್ತಿದ್ದೇನೆ, ನಿಲ್ಲು.'
ಹತ್ತೊಂಬತ್ತು ನವೆಂಬರು ಇದನ್ನು ಓದಿದ್ದೇನೆ.
ಶ್ವೇತಭವನದ ಬಿಡಾರ ಬದಲಾಯಿತು, ಪಕ್ಷ ಬದಲಾಯಿತು,
ಪರದೆಯ ಬಣ್ಣವೂ ಬದಲಾಯಿತಂತೆ;
ಹಾಳೆಯಲ್ಲಿ ಇಸವಿ ಮಾತ್ರ.
ಒಂದು ಮಗು ಆ ತುರ್ತಿನಲ್ಲೇ ಹುಟ್ಟಿ
ಆ ತುರ್ತಿನಲ್ಲೇ ಮೀಸೆ ತೀಡಬಹುದು.

ಅವಳ ಕಡೆಯ ಪಾಳಿಯೂ ನವೆಂಬರಿನಲ್ಲೇ ಬಿತ್ತು.
ಓದಿದೆ. 'ಒಂದು ವರ್ಷ' ಎಂಬಲ್ಲಿ
ಪೆನ್ಸಿಲು ತಡೆಯಿತು.
ಮೂವತ್ತಾರು ವರ್ಷದಲ್ಲಿ ಮೊದಲ ಸಲ
ಅವಳು ಅರ್ಥದ ಮೇಲೆ ಕೈಯಿಟ್ಟದ್ದು ಕಂಡೆ:
ಅಂಚಿನಲ್ಲಿ ಒಂದು ಪ್ರಶ್ನಾರ್ಥಕ,
ಸಣ್ಣದು, ಕಿವಿಯ ಓಲೆಯಷ್ಟು.
ಮೇಲಿನ ಸಾಲಲ್ಲಿ ತಪ್ಪಾಗಿ ಬಿದ್ದಿದ್ದ ಕಾಮಾವನ್ನೂ ಹೊಡೆದಳು.
ಕರಡು ಕಳಿಸಿದೆವು. ಕಾದೆವು.
ಅವಳು ಬಾಳೆಹಣ್ಣು ಸುಲಿದು ಅರ್ಧ ನನಗೆ ಕೊಟ್ಟಳು.

ನಾಲ್ಕು ಗಂಟೆಗೆ ಮರಳಿತು.
'ಒಂದು ವರ್ಷ'ದ ಕೆಳಗೆ ಚುಕ್ಕಿಗಳ ಸಾಲು, ಇರುವೆಗಳಂತೆ;
ಪಕ್ಕದಲ್ಲಿ ಯಾರದೋ ಚೊಕ್ಕ ಕೈಬರಹ:
ಇದ್ದಂತೆ ಇರಲಿ.

ನೋಡು, ಎಂದಳು ಕನ್ನಡಕ ಏರಿಸಿ,
ಕಾಮಾ ಒಪ್ಪಿದ್ದಾರೆ.

ಪೆನ್ಸಿಲನ್ನು ಮತ್ತೆ ಕಿವಿಗೆ ಸಿಕ್ಕಿಸಿ
ಮುಂದಿನ ಹಾಳೆ, ಎಂದಳು.
ಓದಿದೆ: ಕಾಡುಬಾತುಗಳ ಬೇಟೆಯ ಹಂಗಾಮು, ಕಾಮಾ,